ಹುಳ ಹಣ್ಣಾದ ದಿನದ ಶಾಲೆ

ಗೋಡೆಯ ಆಚೆಗಿನ ಸದ್ದು ನಿಂತಿತ್ತು; ಗಂಗುಲಪ್ಪನಿಗೆ ಎಚ್ಚರವಾದದ್ದೇ ಅದರಿಂದ. ಎಷ್ಟೋ ದಿನದಿಂದ ಹಗಲೂ ರಾತ್ರಿ ಹೆಂಚಿನ ಮೇಲೆ ಜಡಿಮಳೆ ಹಿಡಿದ ಹಾಗೆ ಚರಚರ ಚರಚರ ಎಂದು ಸೊಪ್ಪು ಮೇಯುತ್ತಿದ್ದ ರೇಷ್ಮೆ ಹುಳುಗಳು ಇವತ್ತು, ಅದೂ ಅವನ ಪಾಲಿನ ದೊಡ್ಡ ದಿನವಾದ ಇವತ್ತು, ಬಾಯಿ ಮುಚ್ಚಿಕೊಂಡಿದ್ದವು. ಜಗಲಿಯ ಚಾಪೆಯ ಮೇಲೆ ಎದ್ದು ಕೂತು ಕಿವಿಗೊಟ್ಟ. ಇಲ್ಲ, ಒಂದು ಚೂರೂ ಸದ್ದಿಲ್ಲ. ನೇರಳಕುಂಟೆ ಮಿಡ್ಲ್‌ಸ್ಕೂಲಿನ ಹೆಡ್‌ಮೇಷ್ಟ್ರು ಏಳುವ ಹೊತ್ತಿಗೆ ಹುಳುಗಳೂ ಮರ್ಯಾದೆ ಕೊಡುವುದನ್ನು ಕಲಿತವು ಎಂದು ಒಳಗೊಳಗೇ ಹಿಗ್ಗಿದ. ಆಮೇಲೆ ತಲೆದಿಂಬಿನ ಕೆಳಗೆ ಕೈ ಹಾಕಿ ನಶ್ಯದ ಡಬ್ಬಿ ತಡವಿ, ಇದೆ ಎಂದು ಖಾತ್ರಿ ಮಾಡಿಕೊಂಡು, ತೆಗೆಯದೆ ಬಿಟ್ಟ. ಜಗಲಿಯಲ್ಲಿ ತೆಗೆದರೆ ಕಿಟಕಿಯಿಂದ ಅತ್ತೆ ಅಕ್ಕಯ್ಯಮ್ಮನಿಗೆ ವಾಸನೆ ಹೊಡೆಯುತ್ತದೆ. ಹೊಗೆಸೊಪ್ಪಿನ ವಾಸನೆ ತಾಗಿದರೆ ಹುಳು ತಲೆ ಎತ್ತುವುದಿಲ್ಲ, ವಾಂತಿ ಮಾಡಿಕೊಂಡು ಸಾಯುತ್ತವೆ ಎನ್ನುವುದು ಈ ಸೀಮೆಯಲ್ಲಿ ಹಸುಗೂಸಿಗೂ ಗೊತ್ತಿರುವ ಮಾತು. ಸತ್ತರೆ ಸಾಯಲಿ ಎಂದು ಎಷ್ಟೋ ಸಲ ಅಂದುಕೊಂಡಿದ್ದ. ಅಂದುಕೊಂಡ ಮರುಕ್ಷಣವೇ ಹೆಂಡತಿ ವರಲಕ್ಷ್ಮಮ್ಮನ ಕೈ ನೆನಪಾಗುತ್ತಿತ್ತು, ಸೊಪ್ಪು ಹೆಚ್ಚಿ ಹೆಚ್ಚಿ ಹಸಿರು ಹತ್ತಿದ ಆ ಬೆರಳುಗಳು, ಮತ್ತು ನಾಚಿಕೆಯಾಗಿ ಮಗ್ಗುಲಾಗುತ್ತಿದ್ದ.

ಅದು ಅವನದೇ ರೂಮು. ಮದುವೆಯಾದ ವರ್ಷ ಮಾವನವರು ಬದುಕಿದ್ದಾಗ, ಮನೆ ಅಳಿಯನಾಗಿ ಬಂದವನಿಗೆ ಒಂದು ಮರ್ಯಾದೆ ಇರಲಿ ಎಂದು ಮೂಡಣ ದಿಕ್ಕಿನ ಆ ರೂಮನ್ನು ಬಿಟ್ಟುಕೊಟ್ಟಿದ್ದರು. ಅದರಲ್ಲಿ ಮೇಜು, ಪುಸ್ತಕದ ಗೂಡು, ಕೋಟು ನೇತುಹಾಕಲು ಗೋಡೆಗೊಂದು ಮೊಳೆ. ಆದರೆ ಯುಗಾದಿ ಕಳೆಯಿತೋ ಇಲ್ಲವೋ, ತಂಪಾದ ರೂಮು ಅದೊಂದೇ ಎಂದು ಅಕ್ಕಯ್ಯಮ್ಮ ಸಾರಿಸಿ ಸುಣ್ಣ ಬಳಿಸಿ ಹುಳು ಸಾಕುವ ತಟ್ಟೆ ಜೋಡಿಸುವಳು. ಮೇಜು ಬೇವಿನ ಮರದಡಿಗೆ, ಪುಸ್ತಕಗಳು ಗೋಣಿಚೀಲಕ್ಕೆ, ಗಂಗುಲಪ್ಪ ಜಗಲಿಗೆ. ಊಟವೂ ಜಗಲಿಗೇ ಬರುತ್ತಿತ್ತು. ಶಾಲೆ ನಡೆಯುವ ಕಾಲದಲ್ಲಿ ಇದು ನಡೆದುಹೋಗುತ್ತಿತ್ತು, ಯಾಕೆಂದರೆ ಶಾಲೆಯಲ್ಲಿ ಅವನಿಗೊಂದು ಕುರ್ಚಿ ಇತ್ತು, ತೋಳಿರುವ ಕುರ್ಚಿ. ಅದರಲ್ಲಿ ಒರಗಿ, ಐದನೇ ಕ್ಲಾಸಿಗೆ ಲೆಕ್ಕ ಕೊಟ್ಟು, ಡಬ್ಬಿಯ ಮುಚ್ಚಳವನ್ನು ಬೆರಳ ತುದಿಯಿಂದ ಟಕಟಕ ತಟ್ಟಿ, ಒಂದು ಚಿಟಿಕೆ ಏರಿಸಿ, ಕಣ್ಣು ಮುಚ್ಚಿ ಸೀನಿದರೆ ಮಕ್ಕಳೆಲ್ಲ ತಲೆ ತಗ್ಗಿಸುತ್ತಿದ್ದರು. ಲೋಕದಲ್ಲಿ ತನ್ನ ಸೀನಿಗೂ ಒಂದು ಬೆಲೆ ಇದೆ ಅನ್ನಿಸುತ್ತಿತ್ತು. ಬೇಸಿಗೆ ರಜೆ ಬಂತೋ ಅದೂ ಹೋಯಿತು. ಎರಡು ತಿಂಗಳು ಊರಿನ ನಾಯಿಗಳ ಜೊತೆ ಕೆರೆ ಏರಿ ಮೇಲೆ ನಿಂತು ಕದ್ದು ನಶ್ಯ ಹಾಕುವುದು ಹೆಡ್‌ಮೇಷ್ಟ್ರಾದವನಿಗೆ ಒಪ್ಪುವ ಕೆಲಸವೇ?

ವರಲಕ್ಷ್ಮಮ್ಮ ರಾಗಿ ಅಂಬಲಿಯ ಚೊಂಬು ತಂದು ಹೊಸ್ತಿಲ ಒಳಗಿನಿಂದಲೇ ಚಾಚಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು, ಆದರೂ ಮುಖದಲ್ಲಿ ಏನೋ ಗೆಲುವು. "ಏನ್ರೀ, ಇವತ್ತೇ ಹೋಗ್ಲೇಬೇಕಾ ಸ್ಕೂಲ್‌ಗೆ? ಯಾಕಂದ್ರೆ ಒಳಗೆ..." ಎಂದು ಶುರು ಮಾಡಿದಳು. "ಹುಳದ ಸುದ್ದಿ ನನ್ ಹತ್ರ ಎತ್ತಬೇಡ ಅಂತ ಎಷ್ಟು ಸಲ ಹೇಳಿಲ್ಲ ನಿಂಗೆ?" ಎಂದು ಗಂಗುಲಪ್ಪ ಕೈ ಅಡ್ಡ ಹಿಡಿದ. ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿ, "ಸರಿ ಬಿಡಿ, ಹೋಗ್ಬನ್ನಿ" ಎಂದು ನಕ್ಕು ಬಾಗಿಲು ಎಳೆದುಕೊಂಡಳು. ಆ ನಗು ಅವನಿಗೆ ದಾರಿಯುದ್ದಕ್ಕೂ ಕೋಟಿನೊಳಗೆ ಸೇರಿದ ಹುಲ್ಲುಕಡ್ಡಿಯ ಹಾಗೆ ಚುಚ್ಚುತ್ತಿತ್ತು.

ಇಷ್ಟಕ್ಕೂ ಇದನ್ನೆಲ್ಲ ಮೈಮೇಲೆ ಎಳೆದುಕೊಂಡವನು ಅವನೇ. ಶಿವರಾತ್ರಿ ಕಳೆದ ಮೇಲೆ ಚಿಂತಾಮಣಿಯಲ್ಲಿ ಮೇಷ್ಟ್ರುಗಳ ಸಭೆ ನಡೆದಿತ್ತು. ಇನ್ಸ್‌ಪೆಕ್ಟರ್ ಚಲಪತಿಯವರು ಮೇಜಿನ ಮೇಲೆ ಎರಡೂ ಕೈಯೂರಿ, ಮೈಸೂರು ರಾಜ್ಯ ಇಷ್ಟು ದೊಡ್ಡದಾಗಿದೆ, ನಾವು ಮಾತ್ರ ಹಳೇ ಕಾಲದ ಹಾಗೆ ಎರಡು ತಿಂಗಳು ಬೀಗ ಹಾಕ್ಕೊಂಡು ಕೂರೋದಾ, ಬೇಸಿಗೆ ಮುಗಿಯೋಕೆ ಮುಂಚೇನೇ, ಮೇ ತಿಂಗಳ ನಡುವೇನೇ, ಬೆಳಗಿನ ಹೊತ್ತು ಶಾಲೆ ತೆಗೆದು ಒಂದು ಪ್ರಯೋಗ ಮಾಡೋ ಧೈರ್ಯ ಯಾರಿಗಾದರೂ ಇದೆಯಾ ಎಂದು ಕೇಳಿದ್ದರು. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಗಂಗುಲಪ್ಪ ಎದ್ದು ನಿಂತ. "ಏಪ್ರಿಲ್‌ನಲ್ಲಿ ಹದಿಮೂರರ ಮಗ್ಗಿ ಗಡಗಡ ಹೇಳೋ ಹುಡುಗ ಜೂನ್‌ನಲ್ಲಿ ಮೂರರ ಮಗ್ಗಿಗೆ ತಡವರಿಸ್ತಾನೆ ಸಾರ್. ನಾವು ವರ್ಷವೆಲ್ಲ ತುಂಬಿಸಿದ್ದು ಎರಡು ತಿಂಗಳಲ್ಲಿ ಸೋರಿಹೋಗ್ತದೆ. ಈ ದೀರ್ಘ ರಜೆ ಅನ್ನೋದು ವಿದ್ಯೆಗೆ ಹಿಡಿದ ಗೆದ್ದಲು ಸಾರ್!" ಮಾತು ತಾನೇ ತಾನಾಗಿ ಬರುತ್ತಿತ್ತು, ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಆದರೆ ಹದಿಮೂರರ ಮಗ್ಗಿ ಎನ್ನುವಾಗ ಅವನ ಕಣ್ಣ ಮುಂದೆ ಇದ್ದದ್ದು ಯಾವ ಹುಡುಗನೂ ಅಲ್ಲ, ಆ ತೋಳಿನ ಕುರ್ಚಿ. ಸಭೆ ಮುಗಿದ ಮೇಲೆ ಚಲಪತಿಯವರು ಅವನನ್ನು ಹಿತ್ತಲಿಗೆ ಕರೆದು ಬೆನ್ನು ತಟ್ಟಿ, "ಗೆದ್ರೆ ಕೋಲಾರದವರೆಗೂ ನಿಮ್ಮ ಹೆಸರು ಹೋಗುತ್ತೆ. ಸೋತ್ರೆ ಆ ದೂರದ ನಗರಗೆರೆಗೆ ವರ್ಗ, ಅಲ್ಲೊಂದು ಜಾಗ ಖಾಲಿ ಇದೆ, ನೆನಪಿರಲಿ" ಎಂದು ಗಟ್ಟಿಯಾಗಿಯೂ, "ಒಂದು ಚಿಟಿಕೆ ಕೊಡ್ರೀ" ಎಂದು ಮೆಲ್ಲಗೂ ಹೇಳಿದ್ದರು.

ಇವತ್ತು ಮೊದಲ ಬಸ್ಸಿಗೆ ಅವರೇ ಬರುವವರಿದ್ದರು. ಶಾಲೆಯ ಮುಂದೆ ಜವಾನ ಲಾಲ್ ಬಾಷಾ ಹೊಂಗೆ ಮರಕ್ಕೆ ಕಟ್ಟಿದ ರೈಲು ಕಂಬಿಗೆ ಗಂಟೆ ಹೊಡೆದು, ತುಸು ಕಾದು, ಮತ್ತೆ ಹೊಡೆದು, ಆಮೇಲೆ ಬೇಜಾರಿಗೆ ಸುಮ್ಮನೆ ಹೊಡೆಯುತ್ತಾ ನಿಂತಿದ್ದ. ಆಗಲೇ ಏರುಬಿಸಿಲು. ಉದ್ದ ಜಗಲಿ, ನಾಲ್ಕು ಕೊಠಡಿ, ಒರೆಸಿಟ್ಟ ಕರಿಹಲಗೆ, ಒಂದು ನರಪಿಳ್ಳೆಯೂ ಇಲ್ಲ. ಗಂಗುಲಪ್ಪ ಕುರ್ಚಿಯಲ್ಲಿ ಕೂತ. ಡಬ್ಬಿ ತೆಗೆದ. ಮುಚ್ಚಳ ತಟ್ಟಿದ. ಚಿಟಿಕೆ ಏರಿಸಿ ಸೀನಿದ. ಖಾಲಿ ಬೆಂಚುಗಳು ಸೀನನ್ನು ವಾಪಸು ಕೊಟ್ಟವು. ಇಡೀ ಬೇಸಿಗೆ ಕನಸು ಕಂಡಿದ್ದ ಚಿಟಿಕೆ ಇದೇನಾ ಎಂದು ಅವನಿಗೆ ಅಳು ಬರುವಷ್ಟು ಪಿಚ್ಚೆನಿಸಿತು. "ಮೇಷ್ಟ್ರೇ, ಮುರುಗಮಲ್ಲದ ದರ್ಗಾಕ್ಕೆ ಒಂದು ಚಾದರ್ ಹರಕೆ ಹೇಳ್ಕಳಿ, ಬಂದ್ರೂ ಬರ್ತಾವೆ ಮಕ್ಳು" ಎಂದ ಲಾಲ್ ಬಾಷಾ, ತಮಾಷೆಯೋ ನಿಜವೋ ಗೊತ್ತಾಗದ ಹಾಗೆ. ಗಂಗುಲಪ್ಪ ಕೋಟಿನ ಗುಂಡಿ ಹಾಕಿಕೊಂಡು ಊರೊಳಕ್ಕೆ ಹೊರಟ. ಹೆಡ್‌ಮೇಷ್ಟ್ರು ಮನೆಮನೆಗೆ ಹೋಗಿ ಮಕ್ಕಳನ್ನು ಬೇಡುವುದು ಎಂದರೆ ಏನೆಂದುಕೊಂಡಾರು? ಆದರೆ ನಗರಗೆರೆ ಎನ್ನುವ ಹೆಸರು ಕಾಲನ್ನು ಹಿಂದಿನಿಂದ ತಳ್ಳುತ್ತಿತ್ತು.

ಮೊದಲ ಮನೆ ಪಂಚಾಯ್ತಿ ಚೇರ್ಮನ್ ಮುನಿಶಾಮಪ್ಪನದು. ಹುಳದ ಮನೆಗೆ ಹೊರಗಿನವರು ಬರಬಾರದೆಂದು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಹೊಸ್ತಿಲು ಇನ್ನೂ ದೂರವಿರುವಾಗಲೇ ಕಿಟಕಿಯಿಂದ ಕೂಗು ಬಂತು. "ಅಲ್ಲೇ ನಿಂತ್ಕಳಿ ಮೇಷ್ಟ್ರೇ! ಇನ್ನೊಂದ್ ಹೆಜ್ಜೆ ಇಟ್ರೆ ನನ್ ಮೇಲಾಣೆ!"

"ಮಕ್ಕಳನ್ನ ಕಳ್ಸಲಿಲ್ವಲ್ಲ ಚೇರ್ಮನ್ರೇ. ಗಂಟೆ ಕೇಳಿಸ್ಲಿಲ್ವಾ?"

"ಕೇಳಿಸ್ತು. ಹುಳ ಹಣ್ಣಾಗವೆ. ಎಲ್ರೂ ಹುಳ ಆಯ್ತಾ ಕೂತವ್ರೆ. ಇವತ್ತು ಆಯ್ದು ಚಂದ್ರಿಕೆಗೆ ಹಾಕ್ದಿದ್ರೆ ತಟ್ಟೇಲೇ ನೂಲು ಕಕ್ಕಿ ಹಾಳಾಗೋಯ್ತವೆ. ಗೊತ್ತಿಲ್ವಾ ನಿಮ್ಗೆ? ನಿಮ್ಮತ್ತೆ ಮನೇದೂ ಇವತ್ತೇ ಹಣ್ಣಾಗಿರೋದು, ಇಡೀ ಊರು ಒಟ್ಟಿಗೇ ಅಲ್ವಾ ಮೊಟ್ಟೆ ತಂದಿದ್ದು?"

ಗಂಗುಲಪ್ಪನಿಗೆ ಈಗ ಹೊಳೆಯಿತು. ಬೆಳಗಿನ ಆ ಮೌನ! ಹಣ್ಣಾದ ಹುಳು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿ ನೂಲು ಬಿಡಲು ಜಾಗ ಹುಡುಕುತ್ತದೆ. ಇಷ್ಟು ವರ್ಷ ಈ ಮನೆಯಲ್ಲಿ ಉಂಡು ಅಷ್ಟೂ ಗೊತ್ತಿಲ್ಲವೇ ಅವನಿಗೆ? ಗೊತ್ತಿತ್ತು. ಯಾವ ದಿನ ಎಂದು ಕೇಳಲಿಲ್ಲ ಅಷ್ಟೆ. ಕೇಳಿದರೆ ಹುಳುವಿಗೆ ಸೋತ ಹಾಗೆ. ತನ್ನದೇ ರೂಮಿನಲ್ಲಿ ನಡೆಯುತ್ತಿದ್ದದ್ದನ್ನು ಇಡೀ ಊರು ಬಲ್ಲದು, ಗೋಡೆಗೆ ತಲೆ ಕೊಟ್ಟು ಮಲಗುವ ತನಗೊಬ್ಬನಿಗೆ ಗೊತ್ತಿಲ್ಲ. ಹೆಂಡತಿ ಹೇಳಲು ಬಂದಳು, ಕೈ ಅಡ್ಡ ಹಿಡಿದ. ಛೇ, ಅವಳು ನಕ್ಕದ್ದು ಅದಕ್ಕೆ! "ಅವತ್ತು ಪಂಚಾಯ್ತೀಲಿ ಬೇಸಿಗೆ ಶಾಲೆ ಅಂದಾಗ ಮೊದಲು ಚಪ್ಪಾಳೆ ತಟ್ಟಿದೋರು ನೀವೇ ಅಲ್ವಾ?" ಎಂದ. ಮುನಿಶಾಮಪ್ಪ ಎರಡೂ ಬೊಗಸೆಯ ತುಂಬ ಹೊಂಬಣ್ಣದ ಹುಳುಗಳನ್ನು ಕಿಟಕಿಯ ಹತ್ತಿರ ಎತ್ತಿ ತೋರಿಸಿ, "ತಟ್ಟಿದ್ದೆ ಮೇಷ್ಟ್ರೇ. ಇವತ್ತು ಕೈ ಖಾಲಿ ಇಲ್ಲ" ಎಂದ.

ಮುಂದಿನ ಮನೆ, ಅದರ ಮುಂದಿನದು, ಎಲ್ಲೆಲ್ಲೂ ಬೇವಿನ ಸೊಪ್ಪು, ಎಲ್ಲೆಲ್ಲೂ ಕಿಟಕಿ. ನಶ್ಯದ ಮೇಷ್ಟ್ರು ಬರುತ್ತಿದ್ದಾರೆ ಎಂದು ಅವನಿಗಿಂತ ಮುಂಚೆ ಸುದ್ದಿ ಓಡುತ್ತಿತ್ತು. ಅವನು ಹೋದ ಕಡೆಯೆಲ್ಲ ಬಾಗಿಲುಗಳು ಧಡಾರನೆ ಮುಚ್ಚಿಕೊಂಡವು. ಪಾಠ ಹೇಳಿದ ಊರಿನ ಬೀದಿಯಲ್ಲಿ ಕಳ್ಳನ ಹಾಗೆ ನಿಂತಿದ್ದ. ಬೀದಿಯ ಕೊನೆಯಲ್ಲಿ ಒಂಟಿ ಅಂಕಣದ ಮನೆಯ ಕದಿರಮ್ಮ ಮಾತ್ರ ಹೊರಗೇ ಇದ್ದಳು. ಹುಳು ಗೂಡು ಕಟ್ಟುವ ಉದ್ದನೆಯ ಬಿದಿರು ಚಂದ್ರಿಕೆಯನ್ನು ಹೆಂಚಿನ ಸೂರಿನ ಗೇಣಗಲದ ನೆರಳಿಗೆ ಒರಗಿಸಲು ಒದ್ದಾಡುತ್ತಿದ್ದಳು. ನೆರಳು ಸರಿದಂತೆಲ್ಲ ಅವಳೂ ಅದನ್ನು ಸರಿಸುತ್ತಿದ್ದಳು. "ನಿಮ್ ಹುಡುಗಿ ಮಗ್ಗಿ ಮರ್ತೋಗ್ತಾಳೆ ಕದಿರಮ್ಮ" ಎಂದ ಗಂಗುಲಪ್ಪ, ತನಗೇ ನಂಬಿಕೆಯಿಲ್ಲದೆ. ಅವಳು ತಿರುಗಿ ಸಿಡುಕಿದಳು. "ಮರ್ತ್ರೆ ನೀವ್ ಇನ್ನೊಂದ್ ಕಿತ ಹೇಳ್ಕೊಡ್ತೀರ ಸ್ವಾಮಿ. ಈ ಬಿಸಿಲಿಗೆ ಹುಳ ಸತ್ರೆ ಯಾವ ಮೇಷ್ಟ್ರು ಬಂದು ಬದುಕಿಸ್ತಾರೆ? ಇದಕ್ಕೊಂದು ನೆಳ್ಳಿಲ್ಲ, ಗಾಳಿ ಇಲ್ಲ. ನಿಮ್ಗೇನು, ಅಷ್ಟುದ್ದ ಜಗ್ಲಿ ಮೇಲೆ ಒಬ್ರೇ ಕೂತ್ಕಂಡು ಗಂಟೆ ಹೊಡೀರಿ!"

ಅಷ್ಟು ಹೊತ್ತಿಗೆ ಕೈವಾರದ ಕಡೆಯಿಂದ, ಇನ್ನೂ ದೂರದಲ್ಲಿ, ಬಸ್ಸಿನ ಹಾರನ್ ಕೇಳಿತು. ಅಷ್ಟುದ್ದ ಜಗಲಿ. ನೆರಳು, ಗಾಳಿ. ಗಂಗುಲಪ್ಪನ ತಲೆಯಲ್ಲಿ ಎರಡು ಮಾತು ಒಂದಕ್ಕೊಂದು ತಗುಲಿದವು, ಅವನು ಬೀದಿಯ ನಡುವೆ ನಿಂತು, ಕ್ಲಾಸಿನಲ್ಲಿ ಕೂಗುವ ದನಿಯಲ್ಲಿ, "ಎಲ್ರೂ ಕೇಳ್ರಪ್ಪಾ! ಚಂದ್ರಿಕೆ, ತಟ್ಟೆ ಎಲ್ಲ ಎತ್ಕೊಂಡು ಸ್ಕೂಲಿಗೆ ಬನ್ನಿ! ಜಗಲೀಲಿ ನೆರಳಿದೆ, ಕೊಠಡಿ ಖಾಲಿ ಇವೆ! ಮಕ್ಕಳನ್ನೂ ಕರ್ಕೊಂಡೇ ಬನ್ನಿ, ಅಲ್ಲೇ ಆಯ್ಲಿ!" ಎಂದು ಕೂಗಿದ. ಕಿಟಕಿಗಳಲ್ಲಿ ತಲೆಗಳು ಇಣುಕಿದವು. ಆಮೇಲೆ ಅವನದೇ ಮನೆಯ ಕಿಟಕಿಯಿಂದ ಅಕ್ಕಯ್ಯಮ್ಮನ ದನಿ ಮೊಳಗಿತು. "ವರಲಕ್ಷ್ಮೀ, ಕೇಳಿದ್ಯೇನೇ? ನಿನ್ ಗಂಡ, ನಮ್ಮ ಅಲ್ಲುಡು, ಮೊದಲ್ನೇ ಸಲ ಒಂದು ಮಂಚಿ ಮಾತು ಆಡ್ದ ಕಣೇ!"

ಊರು ಎದ್ದು ಬಂತು. ತಲೆಯ ಮೇಲೆ ತಟ್ಟೆ ಹೊತ್ತ ಹೆಂಗಸರು, ಚಂದ್ರಿಕೆಯ ಎರಡು ತುದಿ ಹಿಡಿದ ಗಂಡಸರು, ಹಿಂದೆ ಮುಂದೆ ಮಕ್ಕಳು. ಜಗಲಿಯುದ್ದಕ್ಕೂ ಚಂದ್ರಿಕೆಗಳು ಒರಗಿದವು, ಬೆಂಚುಗಳ ಮೇಲೆ ತಟ್ಟೆ ಕೂತವು, ಒಂದೊಂದು ತಟ್ಟೆಯ ಸುತ್ತ ನಾಲ್ಕಾರು ಮಕ್ಕಳು ತಲೆಗೆ ತಲೆ ಕೂಡಿಸಿ ಹಣ್ಣಾದ ಹುಳುವನ್ನು ಆರಿಸತೊಡಗಿದರು. ಹುಳು ಬೆದರಬಾರದೆಂದು ಯಾರೂ ಪಿಟ್ಟೆನ್ನಲಿಲ್ಲ. ನೋಡುತ್ತಿದ್ದ ಗಂಗುಲಪ್ಪನ ಕಣ್ಣು ತೇವವಾಯಿತು. ಪೂರ್ತಿ ಹಾಜರಿ, ಪೂರ್ತಿ ನಿಶ್ಶಬ್ದ, ಇಂಥ ಶಾಲೆಯನ್ನು ಅವನು ತನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ. ಕುರ್ಚಿಯ ಕಡೆಗೆ ಹೊರಟು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ.

"ಆಗು! ಅಲ್ಲೇ ನಿಲ್ಲಿ!" ಎಂದಳು ಅಕ್ಕಯ್ಯಮ್ಮ. ಮೇಲಿನ ಮೆಟ್ಟಿಲ ಮೇಲೆ ಸೆರಗು ಬಿಗಿದು ನಿಂತಿದ್ದಳು. "ಜೇಬಲ್ಲಿರೋ ಡಬ್ಬಿ ಎಲ್ಲಿಗೆ ಹೋಯ್ತು?"

"ಅತ್ತೇ, ಇದು ಶಾಲೆ."

"ಇವತ್ತು ಹುಳದ ಮನೆ."

"ನಾನು ಇಲ್ಲಿ ಹೆಡ್‌ಮೇಷ್ಟ್ರು ಅತ್ತೇ!"

"ಹುಳಕ್ಕೆ ಹೆಡ್ಡೇನು, ಅಸಿಸ್ಟೆಂಟೇನು? ಕೋಟೆಲ್ಲ ಘಮ್ ಅಂತಿದೆ. ನಡೀರಿ ಆ ಮರದ ಕೆಳಗೆ!"

ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕಿಸಕಿಸ ಎಂದರು. ಗಂಗುಲಪ್ಪ ಹೊಂಗೆ ಮರದ ಕೆಳಗೆ, ರೈಲು ಕಂಬಿಯ ಪಕ್ಕ ಹೋಗಿ ನಿಂತ. ರೂಮಿನಿಂದ ಜಗಲಿಗೆ ಬಂದದ್ದಾಯಿತು, ಜಗಲಿಯಿಂದ ಶಾಲೆಗೆ ಓಡಿದ್ದಾಯಿತು, ಈಗ ಶಾಲೆಯಿಂದಲೂ ಆಚೆ. ಸಿಟ್ಟು ಬರಬೇಕಿತ್ತು, ಬಂದದ್ದು ನಗು. ಅದನ್ನು ನುಂಗಿಕೊಳ್ಳುವಷ್ಟರಲ್ಲಿ ಕೊಡೆ ಹಿಡಿದ ಚಲಪತಿಯವರು ಗೇಟಿನಲ್ಲಿದ್ದರು.

"ಭೇಷ್ ಗಂಗುಲಪ್ಪ! ಇಡೀ ಊರೇ ಇದೆಯಲ್ರೀ! ಎಂಥ ಶಿಸ್ತು, ಎಂಥ ಶಿಸ್ತು! ತಂದೆತಾಯಿಗಳೂ ಬಂದು ಕೂತಿದ್ದಾರೆ!" ಎಂದು ಅವರು ಅವನ ಮಾತಿಗೆ ಕಾಯದೆ ಮೆಟ್ಟಿಲು ಹತ್ತಿಯೇಬಿಟ್ಟರು. ಗಂಗುಲಪ್ಪ ಕಣ್ಣು ಮುಚ್ಚಿಕೊಂಡ. ಒಳಗಿನಿಂದ ಒಂದು ಭಾರಿ ಸೀನು ಕೇಳಿಸಿತು, ಅದರ ಹಿಂದೆಯೇ ಅಕ್ಕಯ್ಯಮ್ಮನ ಕೂಗು. "ಅಯ್ಯೋ ದೇವುಡಾ, ಈ ಯಪ್ಪಂದೂ ಅದೇ ವಾಸ್ನೆ! ಇಳೀರಿ ಸ್ವಾಮಿ, ಇಳೀರಿ!" ಕಣ್ಣು ತೆರೆದಾಗ ಚಿಂತಾಮಣಿಯ ಇನ್ಸ್‌ಪೆಕ್ಟರು, ಕೊಡೆಯನ್ನು ಎದೆಗವಚಿಕೊಂಡು, ಅವನ ಪಕ್ಕ ಹೊಂಗೆ ಮರದ ಕೆಳಗಿದ್ದರು. ತುಸು ಹೊತ್ತು ಇಬ್ಬರೂ ಶಾಲೆಯನ್ನು ದೂರದಿಂದ ನೋಡಿದರು.

"ಶಾಲೆ ತೆಗೆದಿದೆ, ಅಲ್ವೇನ್ರೀ?" ಎಂದರು ಚಲಪತಿ ಕೊನೆಗೆ.

"ತೆಗೆದಿದೆ ಸಾರ್."

"ಹಾಗಾದ್ರೆ ನಾವು ಗೆದ್ದ ಹಾಗೆ. ಇವತ್ತೇ ಕೋಲಾರಕ್ಕೆ ಬರೀತೀನಿ. ನೇರಳಕುಂಟೇಲಿ ಪೂರ್ತಿ ಹಾಜರಿ, ಮುಂದಿನ ವರ್ಷದಿಂದ ಜಿಲ್ಲೆಗೆಲ್ಲ ಮೇ ತಿಂಗಳಲ್ಲೇ ಶಾಲೆ. ನಿಮ್ಮ ಹೆಸರು ಮೊದಲನೇ ಸಾಲಲ್ಲೇ ಇರುತ್ತೆ."

ಹೂಂ ಎಂದರೆ ಸಾಕಿತ್ತು. ಗಂಗುಲಪ್ಪ ಶಾಲೆಯ ಕಡೆ ತಿರುಗಿದ. ಜಗಲಿಯ ಮೇಲೆ ವರಲಕ್ಷ್ಮಮ್ಮ ಕದಿರಮ್ಮನ ಮಗಳ ಪಕ್ಕ ಕೂತು, ಒಂದೊಂದೇ ಹುಳುವನ್ನು ಚಂದ್ರಿಕೆಯ ಸುರುಳಿಯೊಳಕ್ಕೆ ಬಿಡುತ್ತಿದ್ದಳು. ಎಷ್ಟು ನಿಧಾನ, ಎಷ್ಟು ಜೋಪಾನ! ಮುಂದಿನ ವರ್ಷ ಇದೇ ದಿನ ಜಿಲ್ಲೆಯ ಎಲ್ಲ ಊರಿನಲ್ಲೂ ಗಂಟೆ ಹೊಡೆಯುತ್ತದೆ, ತಟ್ಟೆಗಳ ಮುಂದೆ ಈ ಸಣ್ಣ ಬೆರಳುಗಳು ಇರುವುದಿಲ್ಲ, ಕದಿರಮ್ಮ ನೆರಳಿನ ಹಿಂದೆ ಒಬ್ಬಳೇ ಚಂದ್ರಿಕೆ ಎಳೆದಾಡುತ್ತಾಳೆ, ಯಾಕೆ? ನೇರಳಕುಂಟೆಯ ಮೇಷ್ಟ್ರಿಗೆ ಸೀನಲು ಜಾಗ ಬೇಕಿತ್ತು, ಅದಕ್ಕೆ. ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. "ಸಾರ್, ಇವರು ಪಾಠಕ್ಕೆ ಬಂದಿಲ್ಲ. ಹುಳಕ್ಕೆ ಬಂದಿದ್ದಾರೆ. ಶಾಲೆ ಜೂನ್‌ಗೇ ಇರ್ಲಿ ಸಾರ್" ಎಂದ, ಒಂದೇ ಉಸಿರಿಗೆ.

ಚಲಪತಿಯವರ ಮುಖ ಗಂಟಾಯಿತು. "ಮತ್ತೆ ಅವತ್ತು ಗೆದ್ದಲು, ಮಗ್ಗಿ ಅಂತ ಅಷ್ಟೆಲ್ಲ ಮಾತಾಡಿದ್ರಿ?"

"ಮಗ್ಗಿ ಮರೀತಾರೆ, ಅದು ನಿಜ. ಆದ್ರೆ ನಾನು ಎದ್ದು ನಿಂತಿದ್ದು ಅದಕ್ಕಲ್ಲ." ಗಂಗುಲಪ್ಪ ರೈಲು ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. "ಬೇಸಿಗೇಲಿ ಮನೇಲಿ ನಶ್ಯ ಹಾಕೋಕೆ ಬಿಡಲ್ಲ ಸಾರ್."

ಹೇಳಿಬಿಟ್ಟಿದ್ದ. ನಗರಗೆರೆಯ ಬಸ್ಸು ಹೊರಡುವ ಸದ್ದು ಕಿವಿಯಲ್ಲಿ ಕೇಳಿಸಿದ ಹಾಗಾಯಿತು. ಇನ್ಸ್‌ಪೆಕ್ಟರು ಕೊಡೆಯ ತುದಿಯಿಂದ ಮಣ್ಣು ಕೆದಕಿದರು. ಸುತ್ತ ನೋಡಿದರು. "ನಮ್ಮನೇಲೂ ಬಿಡಲ್ಲ ಕಣ್ರೀ" ಎಂದರು, ಬಹಳ ಮೆಲ್ಲಗೆ. "ಹುಳ ಗಿಳ ಏನಿಲ್ಲ, ಬರೀ ಮಡಿ. ಶಾಲೆ ಇದ್ರೆ ಊರೂರಿಗೆ ಕ್ಯಾಂಪು, ಕ್ಯಾಂಪು ಇದ್ರೆ ಡಬ್ಬಿ. ರಜೆ ಬಂದ್ರೆ ಎಲ್ಲಿಗೆ ಹೋಗ್ಲಿ ನಾನು?" ಗಂಗುಲಪ್ಪ ಅವರನ್ನು ನೋಡಿದ, ಅವರು ಅವನನ್ನು ನೋಡಿದರು. ಒಬ್ಬರ ನಗು ಇನ್ನೊಬ್ಬರಿಗೆ ಹತ್ತಿಕೊಂಡು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ಬಗ್ಗಿದರು, ಜಗಲಿಯಿಂದ ಅಕ್ಕಯ್ಯಮ್ಮ "ಶ್!" ಎಂದಳು. ಗಂಗುಲಪ್ಪ ಡಬ್ಬಿ ತೆಗೆದು ಮೊದಲು ಅವರಿಗೆ ಹಿಡಿದ.

"ನಗರಗೆರೇಲಿ ಹುಳ ಸಾಕಲ್ಲ" ಎಂದರು ಚಲಪತಿ, ಕಣ್ಣು ಒರೆಸಿಕೊಂಡು. "ಬರೀ ಕಡ್ಲೆಕಾಯಿ. ಒಂದು ರೂಮೂ ಕೊಡಿಸ್ತೀನಿ, ಶಿಕ್ಷೆ ಅಂತಲ್ಲ, ಉಪಕಾರ ಅಂತ. ಮೂಲೆಮೂಲೇಲೂ ನಶ್ಯ ಹಾಕ್ಬೋದು. ಹೋಗ್ತೀರಾ?" ಅಂಥ ರೂಮು ಕಣ್ಣಿಗೆ ಕಟ್ಟಿತು, ಖಾಲಿ ರೂಮು, ಮೊಳೆಗೆ ಕೋಟು, ಯಾರ ಸದ್ದೂ ಇಲ್ಲ. "ಬೇಡ ಸಾರ್" ಎಂದ ಗಂಗುಲಪ್ಪ, ಯೋಚಿಸುವ ಮೊದಲೇ. ತಿರುಗಿದರೆ ಮಜ್ಜಿಗೆಯ ಎರಡು ಲೋಟ ಹಿಡಿದು ವರಲಕ್ಷ್ಮಮ್ಮ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ ಗೊತ್ತಾಗಲಿಲ್ಲ. ಇನ್ಸ್‌ಪೆಕ್ಟರಿಗೆ ಕೊಟ್ಟ ಮೇಲೆ ಅವನ ಲೋಟವನ್ನು ಕೈಗೇ ಇಟ್ಟಳು, ದೂರದಿಂದ ಚಾಚಲಿಲ್ಲ. "ರೂಮು ಖಾಲಿ ಆಯ್ತು ಕಣ್ರೀ. ಹೋಗಿ ಸ್ವಲ್ಪ ಮಲಕ್ಕಳಿ, ಬಿಸಿಲಲ್ಲಿ ನಿಂತು ಮುಖ ಎಲ್ಲ ಬಾಡಿದೆ" ಎಂದಳು.

ಚಲಪತಿಯವರನ್ನು ಬಸ್ಸು ಹತ್ತಿಸಿ ಮನೆಗೆ ಬಂದ. ಯಾರೂ ಇರಲಿಲ್ಲ. ತನ್ನ ರೂಮಿನ ಬಾಗಿಲನ್ನು ಅವನು ತಾನೇ ತೆರೆದು ಒಳಗೆ ಕಾಲಿಟ್ಟ. ಹಸಿ ಸೊಪ್ಪಿನ ವಾಸನೆ ಇನ್ನೂ ಇತ್ತು. ತಟ್ಟೆಗಳು ಹೋಗಿ ಗೋಡೆಗಳು ಬೋಳಾಗಿದ್ದವು. ಬರೀ ನೆಲದ ಮೇಲೆ ಮಲಗಿ ಕಾಲು ಚಾಚಿದ. ಆಹಾ, ಎಷ್ಟು ತಂಪು! ಮಗ್ಗುಲಾದ. ಮತ್ತೆ ಮಗ್ಗುಲಾದ. ನಿದ್ದೆ ಹತ್ತಲಿಲ್ಲ. ಏನೋ ಕಡಿಮೆಯಾಗಿತ್ತು, ಏನೆಂದು ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು: ಆ ಜಡಿಮಳೆಯ ಸದ್ದು. ಅದಿಲ್ಲದೆ ತಾನು ಮಲಗುವುದನ್ನೇ ಮರೆತಿದ್ದೇನೆಯೇ ಎಂದು ಅವನಿಗೆ ನಿಜವಾಗಿಯೂ ಗಾಬರಿಯಾಯಿತು. ಎದ್ದು ಕೂತು ಡಬ್ಬಿ ತೆಗೆದ. ಇನ್ನು ತಡೆಯುವವರು ಯಾರು? ಮುಚ್ಚಳ ತಟ್ಟಿದ, ಚಿಟಿಕೆ ಹಿಡಿದು ತಲೆ ಎತ್ತಿದ, ಆಗ ಕಂಡಿತು. ಕೋಟಿನ ಮೊಳೆಯ ಬುಡದಲ್ಲಿ, ಯಾರ ಕಣ್ಣಿಗೂ ಬೀಳದೆ ತಪ್ಪಿಸಿಕೊಂಡ ಒಂದೇ ಒಂದು ಹುಳು, ತಲೆಯನ್ನು ಆ ಕಡೆ ಈ ಕಡೆ ತೂಗುತ್ತಾ, ಮೊಳೆಗೂ ಗೋಡೆಗೂ ನಡುವೆ ನೂಲು ಎಳೆಯುತ್ತಿತ್ತು. ಅರ್ಧ ಗೂಡು ಆಗಲೇ ಮೂಡಿತ್ತು.

ಗಂಗುಲಪ್ಪ ಚಿಟಿಕೆಯನ್ನು ಡಬ್ಬಿಗೆ ವಾಪಸು ಉದುರಿಸಿದ. ಸದ್ದಾಗದ ಹಾಗೆ ಮುಚ್ಚಳ ಹಾಕಿ, ಉಸಿರು ಬಿಗಿಹಿಡಿದು ಹೊರಗೆ ಬಂದು, ಬಾಗಿಲನ್ನು ಮೆತ್ತಗೆ ಎಳೆದುಕೊಂಡ. ಆಮೇಲೆ, ಜಗಲಿಯೂ ಕಿಟಕಿಗೆ ತೀರ ಹತ್ತಿರವಾಯಿತು ಅನ್ನಿಸಿ, ಚಾಪೆಯನ್ನು ಸುತ್ತಿ ಕಂಕುಳಲ್ಲಿ ಇರುಕಿಕೊಂಡು ಬೇವಿನ ಮರದ ಕೆಳಗಿನ ತನ್ನ ಮೇಜಿನ ಕಡೆಗೆ ಹೊರಟ.